ಬಿಯರಿನಲ್ಲಿ ಕಾಣದ ಮೀನು

ಬಿಯರಿಗೆ ಬೇಕಾದವು ನಾಲ್ಕೇ ಪದಾರ್ಥ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು, ಯೀಸ್ಟ್. ಇದರಲ್ಲಿ ಪ್ರಾಣಿಯ ಮಾತೆಲ್ಲಿ ಬಂತು? ಹಾಲು, ಮೊಸರು, ಜೇನುತುಪ್ಪ ಎಲ್ಲವನ್ನೂ ಬಿಟ್ಟು ವೀಗನ್ ಆದ ಗೆಳತಿಯೊಬ್ಬಳು ಬಿಯರ್ ಕುಡಿಯಬಹುದೋ ಇಲ್ಲವೋ ಎಂದು ಕೇಳಿದಾಗ ಕ್ಯಾಂಟೀನಿನ ಮೇಜಿನ ಸುತ್ತ ಇದ್ದವರೆಲ್ಲ ನಕ್ಕಿದ್ದು ಇದೇ ಲೆಕ್ಕದ ಮೇಲೆ. ಬಾರ್ಲಿ ಗಂಜಿ ಆಗುತ್ತದಂತೆ, ಬಿಯರ್ ಆಗುವುದಿಲ್ಲವಂತೆ ಎಂದು ಒಬ್ಬ ರೇಗಿಸಿದ. ನನಗೆ ಮಾತ್ರ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ನನ್ನ ಪಿಎಚ್.ಡಿ. ಕೆಲಸ ಹತ್ತೊಂಬತ್ತನೆಯ ಶತಮಾನದ ಭಾರತದ ಕರಾವಳಿಯ ಮೀನು ವ್ಯಾಪಾರದ ಮೇಲೆ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಮೀನಿನ ಗಾಳಿಚೀಲದ ಪ್ರಸ್ತಾಪ ಬಂದರೆ ಅದರ ಬೆನ್ನಿಗೇ ಲಂಡನ್ನಿನ ಬಿಯರ್ ತಯಾರಕರ ಪ್ರಸ್ತಾಪವೂ ಬರುತ್ತದೆ.

ಆ ಗಾಳಿಚೀಲದ ಹೆಸರು ಐಸಿಂಗ್ಲಾಸ್. ಮೀನು ನೀರಿನಲ್ಲಿ ಮೇಲೆ ಕೆಳಗೆ ತೇಲಲು ಅದರ ಹೊಟ್ಟೆಯೊಳಗೆ ಗಾಳಿ ತುಂಬಿದ ಚೀಲವೊಂದು ಇರುತ್ತದಲ್ಲ, ಅದನ್ನು ಸೀಳಿ, ತೊಳೆದು, ಹೊರಪದರ ಸುಲಿದು, ಒಣಗಿಸಿದರೆ ಸಿಗುವ ಬಿಳಿಚಿದ ಹಾಳೆ. ಹಿಂದಿನ ಕಾಲದಲ್ಲಿ ಇದಕ್ಕೆ ಹೆಸರಾದದ್ದು ರಷ್ಯಾದ ಮಾಲು. ವೋಲ್ಗಾ ನದಿಯಲ್ಲಿ, ಕ್ಯಾಸ್ಪಿಯನ್ ಸಮುದ್ರದಲ್ಲಿ ಹಿಡಿಯುವ ಸ್ಟರ್ಜನ್ ಜಾತಿಯ ಮೀನಿನದು. ಮೊಟ್ಟೆ ಕ್ಯಾವಿಯರ್ ಆಗಿ ಶ್ರೀಮಂತರ ತಟ್ಟೆಗೆ ಹೋದರೆ ಗಾಳಿಚೀಲ ಇಂಗ್ಲೆಂಡಿನ ಬಿಯರ್ ಪೀಪಾಯಿಗಳಿಗೆ ಹೋಗುತ್ತಿತ್ತು. ಹೆಸರಿನಲ್ಲಿ ಗ್ಲಾಸ್ ಇದೆ, ಆದರೆ ಮೂಲದಲ್ಲಿ ಗಾಜಿಗೂ ಇದಕ್ಕೂ ಸಂಬಂಧವಿಲ್ಲ. ಸ್ಟರ್ಜನ್ನಿನ ಚೀಲ ಎಂಬ ಅರ್ಥದ ಹಳೆಯ ಡಚ್ ಪದವೊಂದು ಇಂಗ್ಲಿಷರ ಬಾಯಲ್ಲಿ ಹೊರಳಿ ಹೀಗಾಯಿತು.

ಬಿಯರಿಗೆ ಇದು ಯಾಕೆ ಬೇಕು? ಬಾರ್ಲಿಯ ಸಿಹಿನೀರನ್ನು ಯೀಸ್ಟ್ ಹುಳಿಸಿ ಮುಗಿಸಿದ ಮೇಲೆ ಅದೇ ಯೀಸ್ಟ್ ಕಣಗಳಾಗಿ ಬಿಯರಿನಲ್ಲಿ ತೇಲುತ್ತಿರುತ್ತದೆ. ಬಿಯರ್ ಕದಡಿದಂತೆ ಕಾಣುತ್ತದೆ. ಸುಮ್ಮನೆ ತಣ್ಣಗೆ ಇಟ್ಟರೆ ವಾರಗಟ್ಟಲೆ ಹೊತ್ತು ತೆಗೆದುಕೊಂಡು ತಾನಾಗಿಯೇ ತಳಕ್ಕಿಳಿದು ಗಸಿಯಾಗುತ್ತದೆ. ಐಸಿಂಗ್ಲಾಸ್ ಹಾಕಿದರೆ ಆ ಕೆಲಸ ಒಂದೆರಡು ದಿನದಲ್ಲಿ ಆಗುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಹಾಕಿ ಕೊಳೆ ಎಬ್ಬಿಸಿ ತೆಗೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕದಡಿದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿ ತಿಳಿ ಮಾಡಿಕೊಳ್ಳುವುದೂ ಇದೇ ಜಾತಿಯ ಉಪಾಯ. ವ್ಯತ್ಯಾಸ ಇಷ್ಟೇ, ಅಲ್ಲಿ ಗಿಡ, ಇಲ್ಲಿ ಮೀನು. ಗಾಳಿಚೀಲದಲ್ಲಿರುವುದು ಬಹುಪಾಲು ಕಾಲಜನ್ ಎಂಬ ಪ್ರೋಟೀನು. ಬಿಯರಿನ ಹುಳಿಯಲ್ಲಿ ಅದಕ್ಕೆ ಧನ ವಿದ್ಯುದಂಶ ಬರುತ್ತದೆ, ಯೀಸ್ಟಿನ ಮೈಮೇಲೆ ಇರುವುದು ಋಣ. ಎರಡೂ ಒಂದಕ್ಕೊಂದು ಅಂಟಿ, ಭಾರವಾಗಿ, ಕೆಳಗಿಳಿಯುತ್ತವೆ. ಮೇಲಿನ ತಿಳಿಯನ್ನು ಮಾತ್ರ ಲೋಟಕ್ಕೆ ಬಗ್ಗಿಸುತ್ತಾರೆ. ಮೀನು ಯೀಸ್ಟಿನ ಜೊತೆ ಪೀಪಾಯಿಯ ತಳದಲ್ಲೇ ಉಳಿಯುತ್ತದೆ.

ಈ ಕೊನೆಯ ವಾಕ್ಯದಲ್ಲೇ ಎಲ್ಲ ತಕರಾರೂ ಇದೆ. ಕುಡಿಯುವವನ ಲೋಟದಲ್ಲಿ ಮೀನಿಲ್ಲ, ಅಥವಾ ಇದ್ದರೂ ಲೆಕ್ಕಕ್ಕೆ ಸಿಗದಷ್ಟು ಸೋಂಕು. ಆದರೆ ಮೀನಿಲ್ಲದೆ ಆ ಲೋಟ ಹಾಗೆ ತಿಳಿಯಾಗುತ್ತಿರಲಿಲ್ಲ. ಹಾಗಾದರೆ ಬಿಯರಿನಲ್ಲಿ ಮೀನು ಇದೆಯೋ ಇಲ್ಲವೋ?

ಹಳೆಯ ಇಂಗ್ಲಿಷ್ ಬಿಯರಿನಲ್ಲಿ ಪ್ರಾಣಿ ಬಚ್ಚಿಟ್ಟುಕೊಂಡೇ ಇರುತ್ತಿತ್ತು ಎಂದೇನಲ್ಲ. ಹದಿನೇಳನೆಯ ಶತಮಾನದಲ್ಲಿ ಹುಂಜದ ಏಲ್ ಎಂಬ ಪಾನೀಯವೇ ಇತ್ತು. ಸರ್ ಕೆನೆಲ್ಮ್ ಡಿಗ್ಬಿಯ ಹೆಸರಿನಲ್ಲಿ 1669ರಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲಿ ಅದನ್ನು ಮಾಡುವ ಬಗೆ ಇದೆ: ಒಂದು ಹುಂಜವನ್ನು ಚೆನ್ನಾಗಿ ಬೇಯಿಸಿ, ಒಣದ್ರಾಕ್ಷಿ, ಖರ್ಜೂರ, ಜಾಯಿಕಾಯಿ, ಜಾಪತ್ರೆಗಳ ಜೊತೆ ಕುಟ್ಟಿ ಎಂಟು ಗ್ಯಾಲನ್ ಏಲಿಗೆ ಸೇರಿಸುವುದು. ಕುಡಿಯುವವನಿಗೆ ತಾನು ಕೋಳಿ ಕುಡಿಯುತ್ತಿದ್ದೇನೆ ಎಂದು ಗೊತ್ತಿತ್ತು, ಅದು ಪುಷ್ಟಿ ಎಂದೇ ಕುಡಿಯುತ್ತಿದ್ದ. 1907ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಕೆಸನ್ ಕಂಪನಿಯ ಹಾಲಿನ ಸ್ಟೌಟ್ ಕೂಡ ಹಾಗೆಯೇ. ಅದರಲ್ಲಿ ಹಾಲಿನ ಸಕ್ಕರೆ ಇತ್ತು, ಹೆಸರಿನಲ್ಲೂ ಹಾಲಿತ್ತು. 1946ರಲ್ಲಿ ಬ್ರಿಟಿಷ್ ಸರ್ಕಾರ ಆ ಹೆಸರನ್ನು ಬಿಡಿಸಿತು, ಸಕ್ಕರೆ ಮಾತ್ರ ಒಳಗೇ ಉಳಿಯಿತು. ಇವೆಲ್ಲ ಹೇಳಿ ಹಾಕಿದ ಪ್ರಾಣಿಗಳು. ಐಸಿಂಗ್ಲಾಸಿನ ಸಂಗತಿ ಬೇರೆ. ಅದು ಕೆಲಸ ಮಾಡಿ ಕಾಣೆಯಾಗಬೇಕು. ಕಂಡರೆ ಕೆಲಸ ಕೆಟ್ಟಿತೆಂದು ಅರ್ಥ.

ಇದರ ಬಗ್ಗೆ ಒಳ್ಳೆಯ ದಾಖಲೆ ಸಿಗುವುದು 1773ರಲ್ಲಿ. ಹಂಫ್ರಿ ಜಾಕ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರಷ್ಯಾದವರು ಐಸಿಂಗ್ಲಾಸ್ ಮಾಡುವ ಬಗೆಯನ್ನೂ ಅದನ್ನು ಬ್ರಿಟನ್ನಿನ ಮೀನಿನಿಂದಲೇ ಮಾಡಬಹುದು ಎಂಬುದನ್ನೂ ವಿವರಿಸಿ ಲೇಖನ ಬರೆದ. ಅಲ್ಲಿಯವರೆಗೆ ಯುರೋಪಿನ ಪಂಡಿತರು ಇದು ಮೀನನ್ನು ಕುದಿಸಿ ತೆಗೆದ ಅಂಟು ಎಂದೇ ಬರೆಯುತ್ತ ಬಂದಿದ್ದರು. ಜಾಕ್ಸನ್ ಹೇಳಿದ್ದು, ಕುದಿಸುವುದೇ ಇಲ್ಲ, ಚೀಲದ ಪೊರೆಯನ್ನು ಹಾಗೇ ಒಣಗಿಸುತ್ತಾರೆ, ಕುದಿಸಿದರೆ ಅದು ಬಿಯರ್ ತಿಳಿ ಮಾಡುವ ಗುಣ ಕಳೆದುಕೊಳ್ಳುತ್ತದೆ ಎಂದು. ಇವತ್ತಿನ ವಿಜ್ಞಾನ ಅವನ ಮಾತನ್ನು ಒಪ್ಪುತ್ತದೆ. ಕಾಲಜನ್ನಿನ ಮೂರೆಳೆಯ ಹುರಿ ಬಿಸಿಗೆ ಬಿಚ್ಚಿಕೊಂಡು ಬರೀ ಜೆಲಾಟಿನ್ ಆಗಿಬಿಡುತ್ತದೆ.

ಜಾಕ್ಸನ್ ಮನುಷ್ಯ ಮಾತ್ರ ಅಷ್ಟು ನಂಬಿಕಸ್ತನಲ್ಲ. ಇದೇ ಆಸಾಮಿ 1772ರಲ್ಲಿ, ಅಂದರೆ ಈ ಲೇಖನದ ಹಿಂದಿನ ವರ್ಷವೇ, ಸೌತ್‌ವರ್ಕಿನ ದೊಡ್ಡ ಬಿಯರ್ ತಯಾರಕ ಹೆನ್ರಿ ಥ್ರೇಲನನ್ನು ಮಾಲ್ಟೂ ಇಲ್ಲದೆ ಹಾಪ್ಸೂ ಇಲ್ಲದೆ ಬಿಯರ್ ಮಾಡಿಕೊಡುತ್ತೇನೆ ಎಂದು ನಂಬಿಸಿ ಅವನ ಕಾರ್ಖಾನೆಯನ್ನು ದಿವಾಳಿಯ ಅಂಚಿಗೆ ತಂದಿದ್ದ. ಥ್ರೇಲನ ಹೆಂಡತಿ ಹೆಸ್ಟರ್ ಸಾಲ ಎತ್ತಿ ಮನೆತನ ಉಳಿಸಿದಳು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಥ್ರೇಲ್ ದಂಪತಿ ಗೊತ್ತಿರುತ್ತಾರೆ. ನಿಘಂಟಿನ ಸಾಮ್ಯುಯೆಲ್ ಜಾನ್ಸನ್ ವರ್ಷಗಟ್ಟಲೆ ಅವರ ಮನೆಯ ಮನುಷ್ಯನಂತೆ ಇದ್ದ. ಜಾನ್ಸನ್ ಬಗ್ಗೆ ಬರೆದ ಪುಸ್ತಕಗಳಲ್ಲಿ ಜಾಕ್ಸನ್ ಒಬ್ಬ ಢೋಂಗಿಯಾಗಿ ಬಂದು ಹೋಗುತ್ತಾನೆ, ಬಿಯರಿನ ಚರಿತ್ರೆಯಲ್ಲಿ ಅವನೇ ಸಾಕ್ಷಿದಾರ.

ಮುಂದಿನ ಹೆಜ್ಜೆ ಇಟ್ಟವನು ವಿಲಿಯಂ ಮರ್ಡಾಕ್, ಕಲ್ಲಿದ್ದಲ ಅನಿಲದಿಂದ ದೀಪ ಉರಿಸಿ ಹೆಸರಾದ ಎಂಜಿನಿಯರ್. ರಷ್ಯಾದಿಂದ ಬರುವ ಮಾಲಿಗೆ ಪೌಂಡಿಗೆ 25 ಷಿಲಿಂಗ್ ಬೆಲೆ ಇತ್ತು. ಮರ್ಡಾಕ್ 1795ರಲ್ಲಿ ಒಣಗಿಸಿದ ಕಾಡ್ ಮೀನಿನಿಂದ ಅಗ್ಗದ ಬದಲಿ ವಸ್ತು ಮಾಡಿ ತೋರಿಸಿದ. ಲಂಡನ್ನಿನ ಬಿಯರ್ ತಯಾರಕರ ಸಮಿತಿ ಅದನ್ನು ಬಳಸುವ ಹಕ್ಕಿಗಾಗಿ ಅವನಿಗೆ 2000 ಪೌಂಡ್ ಕೊಟ್ಟಿತು. ಲೋಟದಲ್ಲಿ ಇಲ್ಲದ, ಚೀಟಿಯಲ್ಲಿ ಕಾಣದ, ಕುಡಿಯುವವನಿಗೆ ಗೊತ್ತೇ ಇರದ ವಸ್ತುವಿಗೆ ಅಷ್ಟು ದೊಡ್ಡ ಮೊತ್ತ! ಬಿಯರಿನಲ್ಲಿ ಮೀನಿದೆಯೇ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ 2000 ಪೌಂಡನ್ನು. ಲೋಟದಲ್ಲಿ ಇಲ್ಲದ ಮೀನು ಲೆಕ್ಕದ ಪುಸ್ತಕದಲ್ಲಿ ಇತ್ತು.

ತಿಳಿಯಾದ ಬಿಯರಿನ ಮೇಲೆ ಇಷ್ಟೊಂದು ವ್ಯಾಮೋಹ ಯಾಕೆ ಎಂಬುದು ನಿಜವಾದ ಪ್ರಶ್ನೆ. ರುಚಿಗೆ ತೇಲುವ ಯೀಸ್ಟ್ ತೀರಾ ಕೆಟ್ಟದ್ದೇನಲ್ಲ, ಹೊಟ್ಟೆಗೂ ಅಪಾಯವಿಲ್ಲ. ಕಾರಣ ಒಂದಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ಏಲ್ ಮದ್ಯದಂಗಡಿಯ ನೆಲಮಾಳಿಗೆಗೆ ಬಂದಮೇಲೂ ಪೀಪಾಯಿಯಲ್ಲಿ ಹುಳಿಯುತ್ತಲೇ ಇರುತ್ತಿತ್ತು, ಆದ್ದರಿಂದ ಅದರಲ್ಲಿ ಯೀಸ್ಟ್ ಇರಲೇಬೇಕು. ಆದರೆ ಅಂಗಡಿಯವನಿಗೆ ಬಂದ ಪೀಪಾಯಿ ಬೇಗ ಖಾಲಿಯಾಗಬೇಕು, ವಾರಗಟ್ಟಲೆ ಗಸಿ ಇಳಿಯಲಿ ಎಂದು ಕಾಯುತ್ತ ಕೂರಲು ಅವನಿಗೆ ಜಾಗವೂ ಇಲ್ಲ, ಬಂಡವಾಳವೂ ಇಲ್ಲ. ಗಿರಾಕಿಗೋ, ಕದಡಿದ ಬಿಯರ್ ಅಂದರೆ ಹಳಸಿದ್ದು ಅಥವಾ ಕಲಬೆರಕೆಯದು ಎಂಬ ಅನುಮಾನ. ಆ ಕಾಲದಲ್ಲಿ ಕಲಬೆರಕೆ ಧಾರಾಳವಾಗಿಯೇ ಇದ್ದದ್ದರಿಂದ ಅನುಮಾನ ಸುಳ್ಳೂ ಅಲ್ಲ. ಇದರ ಜೊತೆಗೆ ಗಾಜು ಬಂತು. ಕಪ್ಪು ಪೋರ್ಟರನ್ನು ತವರದ ಮಗ್ಗಿನಲ್ಲಿ ಕುಡಿಯುವವನು ಒಳಗೆ ಏನು ತೇಲುತ್ತಿದೆ ಎಂದು ನೋಡುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಗಾಜಿನ ಮೇಲಿದ್ದ ತೆರಿಗೆ 1845ರಲ್ಲಿ ಹೋಗಿ ಗಾಜಿನ ಲೋಟ ಅಗ್ಗವಾಯಿತು, ಅದರ ಆಸುಪಾಸಿನಲ್ಲೇ ತೆಳುಬಣ್ಣದ ಪೇಲ್ ಏಲ್ ಮೇಲಕ್ಕೆ ಬಂತು. ಹೊಂಬಣ್ಣದ ಬಿಯರು, ಪಾರದರ್ಶಕ ಲೋಟ, ಬೆಳಕಿಗೆ ಹಿಡಿದು ನೋಡುವ ಕಣ್ಣು. ಹೆಸರಿನಲ್ಲಿ ಮಾತ್ರ ಇದ್ದ ಗ್ಲಾಸಿಗೂ ಐಸಿಂಗ್ಲಾಸಿಗೂ ಹೀಗೆ ತಡವಾಗಿ ನಂಟು ಬೆಳೆಯಿತು. ನನಗೆ ಅನ್ನಿಸುವ ಮಟ್ಟಿಗೆ ಬಿಯರಿಗೆ ಮೀನನ್ನು ತಂದದ್ದು ನಾಲಿಗೆಯಲ್ಲ, ಒಂದು ಕಡೆ ಅವಸರ, ಇನ್ನೊಂದು ಕಡೆ ಕಣ್ಣು.

ನಮ್ಮ ಕರಾವಳಿ ಈ ಕಥೆಗೆ ಬರುವುದು ಈ ಹೊತ್ತಿನಲ್ಲಿ. ಬಂಗಾಳದಲ್ಲಿದ್ದ ಜಾನ್ ಮೆಕ್ಲೆಲಂಡ್ 1839ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಗಂಗೆಯ ಅಳಿವೆಗಳಲ್ಲಿ ಹೇರಳವಾಗಿ ಸಿಗುವ ಪಾಲಿನೀಮಸ್ ಎಂಬ ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್ ಮಾಡಬಹುದು ಎಂದು ಬರೆದ. ಮುಂಬಯಿ, ಕಾರವಾರದ ಕಡೆ ರಾವಸ ಎನ್ನುವ ಮೀನೂ ಇದೇ ಬಳಗದ್ದು. ಮೂರು ವರ್ಷದ ಮೇಲೆ, 1842ರಲ್ಲಿ, ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್ ಭಾರತದ ಕರಾವಳಿಗಳಲ್ಲಿ ಐಸಿಂಗ್ಲಾಸ್ ಉತ್ಪಾದನೆಯ ಬಗ್ಗೆ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಅವರಿಗೆ ಹೊಸದಾಗಿ ಕಂಡದ್ದು ಇಲ್ಲಿಯ ಮೀನುಗಾರರಿಗೆ ಹೊಸದಾಗಿರಲಿಲ್ಲ. ಒಣಗಿಸಿದ ಗಾಳಿಚೀಲಗಳು ಅದಕ್ಕೂ ಮೊದಲಿನಿಂದ ಭಾರತದ ಬಂದರುಗಳಿಂದ ಚೀನಾಕ್ಕೆ ಹೋಗುತ್ತಿದ್ದವು. ಅಲ್ಲಿ ಅದು ಸೂಪಿಗೆ ಬೀಳುವ ಬೆಲೆಬಾಳುವ ಆಹಾರ. ರಾಯ್ಲ್‌ನ ಲೆಕ್ಕಾಚಾರ ಸರಳ: ಚೀನಾಕ್ಕೆ ಹೋಗುವ ಮಾಲನ್ನು ಚೆನ್ನಾಗಿ ಶುಚಿ ಮಾಡಿ ಲಂಡನ್ನಿಗೆ ತಂದರೆ ರಷ್ಯಾದ ಹಂಗು ತಪ್ಪುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಹದಿನೆಂಟನೆಯ ಶತಮಾನದ ಕೊನೆಯಿಂದಲೇ ಲಂಡನ್ನಿನ ಹಾಜ್‌ಸನ್ ಕಾರ್ಖಾನೆಯ ಪೇಲ್ ಏಲ್ ಹಡಗು ಹತ್ತಿ ಕಲ್ಕತ್ತೆಗೂ ಮದರಾಸಿಗೂ ಇಲ್ಲಿಯ ಇಂಗ್ಲಿಷರಿಗಾಗಿ ಬರುತ್ತಿತ್ತು. ಆ ಬಗೆಯ ಬಿಯರನ್ನು ಇಂದಿಗೂ ಇಂಡಿಯಾ ಪೇಲ್ ಏಲ್ ಎನ್ನುತ್ತಾರೆ, ಬೆಂಗಳೂರಿನ ಪಬ್ಬುಗಳ ಮೆನುವಿನಲ್ಲೂ ಐಪಿಎ ಎಂದು ಇರುತ್ತದೆ. ರಾಯ್ಲ್‌ನ ಯೋಜನೆ ಪೂರ್ತಿ ನಡೆದಿದ್ದರೆ ಬಂಗಾಳ ಕೊಲ್ಲಿಯ ಮೀನಿನ ಚೀಲ ಲಂಡನ್ನಿಗೆ ಹೋಗಿ, ಅಲ್ಲಿ ಬಿಯರನ್ನು ತಿಳಿ ಮಾಡಿ, ಆ ಬಿಯರು ಮತ್ತೆ ಬಂಗಾಳಕ್ಕೇ ಬರಬೇಕಿತ್ತು. ಕಚ್ಚಾಹತ್ತಿ ಹೋಗಿ ಬಟ್ಟೆಯಾಗಿ ಬಂದ ಕಥೆಯನ್ನು ನಾವು ಶಾಲೆಯಿಂದಲೂ ಓದಿದ್ದೇವೆ, ಇದು ಅದರ ಚಿಕ್ಕ ತಮ್ಮ. ಆದರೆ ಭಾರತದ ಮಾಲಿನ ಮೇಲೆ ಮೀನಿನ ವಾಸನೆ ಹೋಗುವುದಿಲ್ಲ, ಸರಿಯಾಗಿ ಕರಗುವುದಿಲ್ಲ ಎಂಬ ದೂರು ಇದ್ದೇ ಇತ್ತು. ಕೆಲಸದ ಮೀನಿಗೆ ಮೀನಿನ ವಾಸನೆ ಇರಕೂಡದು ಎಂಬುದೇ ಆ ವ್ಯಾಪಾರದ ಮೊದಲ ಷರತ್ತು.

ಜರ್ಮನಿಯಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರವಿತ್ತು. ಬವೇರಿಯಾದಲ್ಲಿ 1516ರಲ್ಲಿ ಹೊರಟ ಆಜ್ಞೆಯ ಪ್ರಕಾರ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು. ಯೀಸ್ಟಿನ ಹೆಸರು ಅದರಲ್ಲಿ ಇಲ್ಲ, ಅದು ಏನೆಂದು ಆಗ ತಿಳಿದಿರಲಿಲ್ಲ. ಆ ಆಜ್ಞೆ ಹೊರಡಿಸಿದ ದೊರೆಗಳಿಗೆ ಮೀನಿನ ಮೇಲೆ ಕರುಣೆಯೇನೂ ಇರಲಿಲ್ಲ, ಅವರ ಚಿಂತೆ ಬೆಲೆ, ಧಾನ್ಯಗಳದ್ದು. ಆದರೂ ಆ ಸಂಪ್ರದಾಯದಲ್ಲಿ ಮೀನಿಗೆ ಜಾಗ ಸಿಗಲಿಲ್ಲ. ಅವರ ಲಾಗರ್ ಬಿಯರ್ ತಿಳಿಯಾಗುತ್ತಿದ್ದುದು ತಣ್ಣನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು. ಲಾಗರ್ ಎಂಬ ಹೆಸರಿನಲ್ಲೇ ಕೂಡಿಡುವುದು ಎಂಬ ಅರ್ಥವಿದೆ. 1870ರ ದಶಕದಲ್ಲಿ ಕಾರ್ಲ್ ಲಿಂಡೆಯ ಶೀತಲ ಯಂತ್ರ ಬಂದಮೇಲೆ ಚಳಿಗಾಲಕ್ಕೆ ಕಾಯುವುದು ತಪ್ಪಿತು. 1878ರಲ್ಲಿ ಲೊರೆನ್ಸ್ ಎನ್ಸಿಂಗರ್ ಬಿಯರ್ ಸೋಸುವ ಯಂತ್ರ ತಂದ. ಮುಂದೆ ಸೋಸಲು ಹೆಚ್ಚಾಗಿ ಬಳಕೆಗೆ ಬಂದದ್ದು ಡಯಾಟಮ್ ಎಂಬ ಪಾಚಿಯ ಪಳೆಯುಳಿಕೆಯ ಪುಡಿ. ಇಂದು ಭಾರತದ ಅಂಗಡಿಗಳಲ್ಲಿ ಬಾಟಲಿಯಲ್ಲಿ ಸಿಗುವ ಬಹುಪಾಲು ಬಿಯರ್ ಈ ಲಾಗರ್ ಕುಲದ್ದು. ಅಂದರೆ ಮೀನಿನ ಪ್ರಶ್ನೆ ಮುಖ್ಯವಾಗಿ ಬ್ರಿಟನ್, ಐರ್ಲೆಂಡಿನ ಪೀಪಾಯಿ ಬಿಯರಿನದು.

ಅಲ್ಲಿಯೇ ವೀಗನ್ ಎಂಬ ಪದವೂ ಹುಟ್ಟಿದ್ದು. 1944ರ ನವೆಂಬರಿನಲ್ಲಿ, ಯುದ್ಧ ಇನ್ನೂ ಮುಗಿದಿರದ ಇಂಗ್ಲೆಂಡಿನಲ್ಲಿ, ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಸಂಗಾತಿಗಳು ಸೇರಿ ವೀಗನ್ ಸೊಸೈಟಿ ಕಟ್ಟಿದರು. ಹಾಲು ಮೊಟ್ಟೆಗಳನ್ನು ಬಿಡದ ಸಸ್ಯಾಹಾರಿಗಳಿಂದ ಬೇರೆಯಾಗುವುದು ಅವರ ಉದ್ದೇಶ. ಅವರ ನಿಲುವಿನಲ್ಲಿ ಹೊಸದಾಗಿದ್ದದ್ದು ಪ್ರಶ್ನೆಯ ರೂಪ. ತಟ್ಟೆಯಲ್ಲಿ ಏನಿದೆ ಎಂದು ಕೇಳುವ ಬದಲು ತಟ್ಟೆಗೆ ಬರುವವರೆಗೆ ಯಾರನ್ನು ಬಳಸಿಕೊಂಡರು ಎಂದು ಅವರು ಕೇಳಿದರು. ಈ ಪ್ರಶ್ನೆಯ ಮುಂದೆ ಪೀಪಾಯಿಯ ತಳದಲ್ಲಿ ಉಳಿದ ಮೀನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಕಾನೂನು ಮಾತ್ರ ಆ ದಾರಿ ಮಾಡಿಕೊಟ್ಟಿತ್ತು. ಯುರೋಪಿಯನ್ ಒಕ್ಕೂಟ 2003ರಲ್ಲಿ ಅಲರ್ಜಿ ತರುವ ಪದಾರ್ಥಗಳನ್ನು ಚೀಟಿಯ ಮೇಲೆ ಹೇಳಲೇಬೇಕೆಂದು ನಿಯಮ ಮಾಡಿತು. ಆ ಪಟ್ಟಿಯಲ್ಲಿ ಮೀನೂ ಇತ್ತು. ಆದರೆ 2007ರ ತಿದ್ದುಪಡಿಯಲ್ಲಿ ಬಿಯರ್, ವೈನುಗಳನ್ನು ತಿಳಿ ಮಾಡಲು ಬಳಸುವ ಐಸಿಂಗ್ಲಾಸಿಗೆ ವಿನಾಯಿತಿ ಸಿಕ್ಕಿತು. ಅಲರ್ಜಿಯ ದೃಷ್ಟಿಯಿಂದ ಅದು ಸರಿಯೇ ಇರಬಹುದು, ಉಳಿಯುವ ಅಂಶ ಅಷ್ಟು ಕಡಿಮೆ. ಆದರೆ ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಚೀಟಿ ಉತ್ತರ ಕೊಡಲು ಹೊರಟರೆ ಹೀಗಾಗುತ್ತದೆ. ಮೈಗೆ ಏನಾಗುತ್ತದೆ ಎಂದು ಕೇಳುವವನಿಗೆ ಮೌನವೇ ಸಾಕು, ಮೀನಿಗೆ ಏನಾಯಿತು ಎಂದು ಕೇಳುವವಳಿಗೆ ಆ ಮೌನ ಮೋಸ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತಂದ ವೀಗನ್ ಆಹಾರದ ನಿಯಮಗಳು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿವೆ. ಆ ಹೆಸರು ಬೇಕಾದರೆ ತಯಾರಿಕೆಯ ಯಾವ ಹಂತದಲ್ಲೂ, ಸಂಸ್ಕರಣೆಗೆ ನೆರವಾಗುವ ವಸ್ತುವಾಗಿಯೂ, ಪ್ರಾಣಿಮೂಲದ್ದು ಬಳಕೆಯಾಗಿರಬಾರದು.

ಇದನ್ನೆಲ್ಲ ಓದುವಾಗ ನನಗೆ ಜನ್ನನ ಯಶೋಧರ ಚರಿತೆ ಮತ್ತೆ ಮತ್ತೆ ನೆನಪಾಯಿತು. 1209ರ ಆ ಕಾವ್ಯದಲ್ಲಿ ಯಶೋಧರ ತಾಯಿಯ ಒತ್ತಾಯಕ್ಕೆ ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಅಲ್ಲಿ ಪದಾರ್ಥದಲ್ಲಿ ಪ್ರಾಣಿಯಿಲ್ಲ, ಆದರೂ ಸಂಕಲ್ಪದಲ್ಲಿ ಕೊಲೆ ಇದೆ, ಆ ಒಂದು ಸಂಕಲ್ಪಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತಿರುಗಬೇಕಾಗುತ್ತದೆ. ಐಸಿಂಗ್ಲಾಸ್ ಹಾಕಿದ ಬಿಯರ್ ಅದಕ್ಕೆ ಸರೀ ತಿರುವುಮುರುವು. ಇಲ್ಲಿ ಪ್ರಾಣಿ ಸತ್ತಿದೆ, ಆದರೆ ಕುಡಿಯುವವನ ಮನಸ್ಸಿನಲ್ಲಿ ಸಂಕಲ್ಪವೂ ಇಲ್ಲ, ಮೀನೂ ಇಲ್ಲ. ಜನ್ನನ ಅಳತೆಯಲ್ಲಿ ಅವನು ಪಾರಾಗಬಹುದೇನೋ, ವಾಟ್ಸನ್ ಅಳತೆಯಲ್ಲಿ ಆಗುವುದಿಲ್ಲ. ನನ್ನ ಮಟ್ಟಿಗೆ ನಾನು ವಾಟ್ಸನ್ ಪಕ್ಷ. ನೂರಾರು ವರ್ಷ ವ್ಯಾಪಾರ ನಡೆದದ್ದೇ ಕುಡಿಯುವವರಿಗೆ ಗೊತ್ತಾಗದಂತೆ ಎಂದಮೇಲೆ ಗೊತ್ತಿರಲಿಲ್ಲ ಎಂಬುದನ್ನು ಸಮಾಧಾನವಾಗಿ ತೆಗೆದುಕೊಳ್ಳುವುದು ನನಗೆ ಕಷ್ಟ.

ಜೈನ ಶಾಸ್ತ್ರಕಾರರು ಮಾತ್ರ ನನ್ನ ಈ ವಾದವನ್ನು ಕೇಳಿ ಮುಗುಳ್ನಗುತ್ತಿದ್ದರು. ಮದ್ಯ, ಮಾಂಸ, ಮಧು ಮೂರನ್ನೂ ಶ್ರಾವಕ ಒಟ್ಟಿಗೇ ಬಿಡಬೇಕೆಂದು ಹೇಳಿದ ಅವರಲ್ಲಿ ಅಮೃತಚಂದ್ರ ಮದ್ಯಕ್ಕೆ ಕೊಡುವ ಕಾರಣಗಳಲ್ಲಿ ಒಂದು, ಅದು ಅಸಂಖ್ಯ ಜೀವಗಳ ಹುಟ್ಟುನೆಲೆ, ಕುಡಿದರೆ ಅವು ಸಾಯುತ್ತವೆ ಎಂಬುದು. ಯೀಸ್ಟನ್ನು ಶಿಲೀಂಧ್ರವೆಂದು ವೀಗನ್ನರು ಲೆಕ್ಕದಿಂದ ಬಿಡುತ್ತಾರೆ. ಅಮೃತಚಂದ್ರನ ಮುಂದೆ ಮೀನಿನ ಪ್ರಶ್ನೆ ಬರುವ ಮೊದಲೇ ಬಿಯರಿನ ವಿಚಾರಣೆ ಮುಗಿದಿರುತ್ತಿತ್ತು.

ಬಿಯರ್ ತಯಾರಕರು ಸುಮ್ಮನೆ ಬದಲಾಗಲಿಲ್ಲ, ಗಿರಾಕಿಗಳು ಕೇಳಿ ಕೇಳಿ ಬದಲಾಯಿಸಿದರು. ಡಬ್ಲಿನ್ನಿನ ಗಿನ್ನೆಸ್ 2015ರ ನವೆಂಬರಿನಲ್ಲಿ ಐಸಿಂಗ್ಲಾಸ್ ಬಿಡುವುದಾಗಿ ಹೇಳಿ, ಸೋಸುವ ಹೊಸ ವ್ಯವಸ್ಥೆ ಹಾಕಿಕೊಂಡು, 2017ರ ಹೊತ್ತಿಗೆ ಬಿಟ್ಟಿತು. ಅಷ್ಟರಲ್ಲಿ ಕಣ್ಣಿನ ರುಚಿಯೂ ಬದಲಾಗಿತ್ತು. ಅಮೆರಿಕದಿಂದ ಹರಡಿದ ಮಬ್ಬು ಐಪಿಎ, ಜರ್ಮನಿಯ ಗೋಧಿ ಬಿಯರ್, ಬೆಲ್ಜಿಯಂನ ವಿಟ್ ಇವೆಲ್ಲ ಕದಡಿದಂತೆ ಇರಬೇಕು ಎಂದೇ ಜನ ಈಗ ಕೇಳಿ ಕುಡಿಯುತ್ತಾರೆ, ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಅವಕ್ಕೆ ಬೇಡಿಕೆಯಿದೆ. ಇನ್ನೂರು ವರ್ಷ ಕಲಬೆರಕೆಯ ಗುರುತಾಗಿದ್ದ ಮಬ್ಬು ಈಗ ಅಪ್ಪಟತನದ ಗುರುತು. ವೀಗನ್ನರಿಗೆ ಇದು ಅನುಕೂಲವೇ, ಯಾಕೆಂದರೆ ತಿಳಿ ಮಾಡದ ಬಿಯರಿಗೆ ಮೀನು ಬೇಡ. ಅನುಮಾನವಿದ್ದರೆ ಬ್ರೂವರಿಯವರನ್ನು ಏನೇನು ಹಾಕುತ್ತೀರಿ ಎಂದು ಕೇಳಿ ಉಪಯೋಗವಿಲ್ಲ, ಗಸಿ ಹೇಗೆ ಇಳಿಸುತ್ತೀರಿ ಎಂದು ಕೇಳಬೇಕು. ಜೇನು, ಹಾಲಿನ ಸಕ್ಕರೆ ಹಾಕಿದ ಬಿಯರುಗಳೂ ಇವೆ, ಅವು ಸಾಮಾನ್ಯವಾಗಿ ಮೆನುವಿನಲ್ಲೇ ತಮ್ಮ ಹೆಸರು ಹೇಳಿಕೊಳ್ಳುತ್ತವೆ.

ಮೀನಿಗೆ ಇದರಿಂದ ಬಿಡುಗಡೆ ಸಿಕ್ಕಿತು ಎನ್ನುವ ಹಾಗಿಲ್ಲ. ಸ್ಟರ್ಜನ್ ಜಾತಿಗಳೆಲ್ಲ ಕ್ಯಾವಿಯರಿನ ಆಸೆಗೆ ಅಳಿವಿನಂಚಿಗೆ ಬಂದು 1998ರಿಂದ ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿದ್ದಿದೆ. ಗುಜರಾತ್ ಸರ್ಕಾರ 2023ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ ಘೋಲ್ ಮೀನಿಗೆ ಅಷ್ಟೊಂದು ಬೆಲೆ ಬರುವುದೇ ಮುಖ್ಯವಾಗಿ ಅದರ ಗಾಳಿಚೀಲದಿಂದ. ಅದರ ದೊಡ್ಡ ಗಿರಾಕಿ ಈಗಲೂ ಚೀನಾ ಕಡೆಯವರೇ, ರಾಯ್ಲ್‌ನ ಕಾಲದಲ್ಲಿ ಇದ್ದ ಹಾಗೆ.

ಹಾಂ, ಮೀನೇ ಹಾಕದ ಜರ್ಮನ್ ಬಿಯರಿನ ಬಗ್ಗೆ ಒಂದು ಮಾತು ಉಳಿಯಿತು. ಬಾಟಲಿಯ ಮೇಲಿನ ಚೀಟಿ ಮಂಜುಗಡ್ಡೆಯ ನೀರಿನಲ್ಲಿ ಬಿಚ್ಚಿಕೊಳ್ಳಬಾರದು, ಆದರೆ ಖಾಲಿ ಬಾಟಲಿಯನ್ನು ತೊಳೆಯುವಾಗ ಸಲೀಸಾಗಿ ಬರಬೇಕು. ಇದಕ್ಕೆ ಬಹಳ ಕಾಲ ಬಳಸಿದ್ದು ಕೇಸೀನ್ ಅಂಟು. ಅದು ಹಾಲಿನಿಂದ ತೆಗೆದದ್ದು.